ರಿಪೋರ್ಟ್ ಪಕ್ಕಕ್ಕಿಟ್ಟು ಮಾತಾಡಿದ ಶನಿವಾರ

ನಾನು ಕಾಲೇಜಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಮಾಡ್ತೀನಿ. ಈ ಸಲ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನೆಲ್ಲ ಕಾಲೇಜಿನವರು ಎಐ ಡಿಟೆಕ್ಟರ್‌ಗೆ, ಅಂದ್ರೆ ಬರಹ ಮನುಷ್ಯರದ್ದೋ ಎಐದ್ದೋ ಅಂತ ಹೇಳೋ ಸಾಫ್ಟ್‌ವೇರ್‌ಗೆ ಹಾಕಿ, ಯಾರದ್ದು ಎಷ್ಟು ಪರ್ಸೆಂಟ್ ಎಐ ಅಂತ ಒಂದು ಪಟ್ಟಿ ಕಳಿಸಿದ್ರು, ಪಟ್ಟಿ ಮೇಲ್ಗಡೆ ಇರೋರಿಗೆ ಇಂಟರ್ನಲ್ ಮಾರ್ಕ್ಸ್ ಕಟ್ ಮಾಡಿ ಅಂತ ಸೂಚನೆ ಬೇರೆ. ನಾನು ಒಪ್ಪಲಿಲ್ಲ. ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಅವರ ಪ್ರಾಜೆಕ್ಟ್ ಬಗ್ಗೆ ಮಾತಾಡ್ತೀನಿ, ಮಾರ್ಕ್ಸ್ ಆಮೇಲೆ ಅಂದೆ. ಹಂಗೆ ಒಂದು ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೂ ವೈವಾ ನಡೀತು.

ಪಟ್ಟೀಲಿ ಎಲ್ಲರಿಗಿಂತ ಮೇಲಿದ್ದಿದ್ದು ಒಬ್ಬ ಹುಡುಗಿ ಹೆಸರು. ಒಳಗೆ ಬರೋವಾಗ್ಲೇ ಕಣ್ಣು ಕೆಂಪಗಿತ್ತು, ಕೂತ್ಕೊಳ್ಳೋಕೆ ಮುಂಚೇನೇ "ಮೇಡಂ, ಎಲ್ಲಾ ನಾನೇ ಬರ್ದಿದ್ದು ಮೇಡಂ" ಅಂದ್ಳು. "ಅದನ್ನ ನಾನು ಕೇಳ್ಲೇ ಇಲ್ವಲ್ಲಮ್ಮ, ಮೊದ್ಲು ಕೂತ್ಕೋ, ನಿನ್ನ ಡೇಟಾ ಬಗ್ಗೆ ಹೇಳು" ಅಂದೆ. ಮೊಬೈಲ್ ನೋಡೋ ಹೊತ್ತಿಗೂ ನಿದ್ದೆಗೂ ಸಂಬಂಧ ಇದ್ಯಾ ಅಂತ ಜೊತೆಯವರನ್ನ ಕೇಳಿ ಮಾಡಿದ ಪ್ರಾಜೆಕ್ಟ್ ಅದು. ಇಬ್ಬರ ಉತ್ತರ ಯಾಕೆ ಬಿಟ್ಟಿದೀಯ ಅಂತ ಕೇಳಿದ್ದೇ ತಡ, ಹುಡುಗಿ ಮುಖಾನೇ ಬದಲಾಯ್ತು. "ಒಬ್ಬ ದಿನಕ್ಕೆ 26 ಗಂಟೆ ಮೊಬೈಲ್ ನೋಡ್ತೀನಿ ಅಂತ ಬರ್ದಿದ್ದ ಮೇಡಂ, ಅದನ್ನಂತೂ ತೆಗೀಲೇಬೇಕು. ಇನ್ನೊಬ್ಳಿಗೆ ಆ ವಾರ ಜ್ವರ, ದಿನಾ ಪೂರ್ತಿ ಮಲಗೇ ಇದ್ಳು, ಅವಳದ್ದನ್ನ ಬಿಡೋದಾ ಬೇಡ್ವಾ ಗೊತ್ತಾಗ್ಲಿಲ್ಲ, ಅದಕ್ಕೆ ಎರಡೂ ಥರ ಲೆಕ್ಕ ಮಾಡ್ದೆ, ಉತ್ತರ ಜಾಸ್ತಿ ಏನೂ ಬದಲಾಗ್ಲಿಲ್ಲ" ಅಂತ ಹೇಳಿ ಬ್ಯಾಗಿಂದ ನೋಟ್‌ಬುಕ್ ತೆಗೆದು ತೋರಿಸಿದ್ಳು, ಪೆನ್ಸಿಲಲ್ಲಿ ಮಾಡಿ ಹೊಡೆದುಹಾಕಿದ ಲೆಕ್ಕಗಳೆಲ್ಲ ಹಂಗೇ ಇದ್ವು. ಒಂದು ಡೇಟಾನ ಯಾಕೆ ಬಿಡ್ಬೇಕು ಯಾಕೆ ಬಿಡಬಾರ್ದು ಅಂತ ಇಷ್ಟು ಪ್ರಾಮಾಣಿಕವಾಗಿ ಯೋಚ್ನೆ ಮಾಡೋ ವಿದ್ಯಾರ್ಥಿ ಸಿಗೋದು ಅಪರೂಪ, ಅವಳ ಮಾರ್ಕ್ಸ್ ಕಟ್ ಮಾಡ್ಬೇಕಂತೆ!

ಇಂಥವಳ ಬರಹ ಸಿಕ್ಕಿಬೀಳೋದಕ್ಕೆ ಕಾರಣ ಇದೆ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಎಷ್ಟೋ, ಒಂದು ಪದ ಆದ್ಮೇಲೆ ಮುಂದಿನ ಪದ ಯಾವ್ದು ಬರುತ್ತೆ ಅಂತ ಎಷ್ಟು ಸುಲಭವಾಗಿ ಊಹಿಸಬಹುದು ಅನ್ನೋದನ್ನ ಅಳೆಯುತ್ತವೆ, ಊಹೆ ಸುಲಭ ಆದಷ್ಟೂ ಮಷೀನ್ ಬರೆದಿದ್ದು ಅನ್ನುತ್ತವೆ. ಇಂಗ್ಲಿಷ್ ಮನೆಮಾತಲ್ಲದ ಹುಡುಗಿ ಗೊತ್ತಿರೋ ಸರಳ ಪದಗಳಲ್ಲಿ, ವ್ಯಾಕರಣ ತಪ್ಪಬಾರ್ದು ಅಂತ ಹುಷಾರಾಗಿ ಬರೀತಾಳೆ, ಊಹೆ ಸುಲಭ ಆಗೇ ಆಗುತ್ತೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಟೋಫೆಲ್ ಅಂತ, ಇಂಗ್ಲಿಷ್ ಮನೆಮಾತಲ್ಲದವರು ಕೊಡೋ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನ 7 ಡಿಟೆಕ್ಟರ್‌ಗಳಿಗೆ ಹಾಕಿ ನೋಡಿದ್ರು, ಎಲ್ಲಾ ಮನುಷ್ಯರೇ ಬರೆದಿದ್ದು, ಆದ್ರೂ ಸರಾಸರಿ ಶೇಕಡಾ 61ರಷ್ಟನ್ನ ಎಐ ಬರೆದಿದ್ದು ಅಂದ್ವು. ಅಮೆರಿಕದ ಎಂಟನೇ ಕ್ಲಾಸ್ ಮಕ್ಕಳ ಪ್ರಬಂಧಗಳ ವಿಷಯದಲ್ಲಿ ಮಾತ್ರ ಹೆಚ್ಚುಕಮ್ಮಿ ಸರಿಯಾಗೇ ಹೇಳಿದ್ವು. ಇನ್ನು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿನೇ 2023ರ ಜನವರೀಲಿ ಒಂದು ಡಿಟೆಕ್ಟರ್ ಬಿಟ್ಟಿತ್ತು, ಎಐ ಬರಹದಲ್ಲಿ ಶೇಕಡಾ 26ನ್ನ ಮಾತ್ರ ಹಿಡಿಯುತ್ತೆ, ಮನುಷ್ಯರ ಬರಹದಲ್ಲಿ ಶೇಕಡಾ 9ನ್ನ ಎಐ ಅಂತ ತಪ್ಪಾಗಿ ಹೇಳುತ್ತೆ ಅಂತ ಅವರೇ ಹೇಳಿದ್ರು, ಜುಲೈನಲ್ಲಿ ನಿಖರತೆ ಸಾಲದು ಅಂತ ವಾಪಸ್ ತಗೊಂಡ್ರು. ಇದನ್ನೆಲ್ಲ ಪ್ರಿಂಟ್ ತೆಗೆದು ವಿಭಾಗದ ಮುಖ್ಯಸ್ಥರ ಟೇಬಲ್ ಮೇಲೆ ಇಟ್ಟು ಬಂದಿದೀನಿ.

ಪಟ್ಟೀಲಿ ಕೊನೇಲಿದ್ದ ಒಬ್ಬ ಹುಡುಗ ಮಧ್ಯಾಹ್ನ ಬಂದ. ಡಿಟೆಕ್ಟರ್ ಪ್ರಕಾರ ಅವನದ್ದು ಸೊನ್ನೆ ಪರ್ಸೆಂಟ್ ಎಐ, ಓದೋಕೆ ತುಂಬಾ ಚೆನ್ನಾಗಿರೋ ರಿಪೋರ್ಟ್, ಹೆಟರೋಸ್ಕೆಡಾಸ್ಟಿಸಿಟಿ ಪರೀಕ್ಷೆ (ಡೇಟಾದ ಏರುಪೇರು ಎಲ್ಲಾ ಕಡೆ ಒಂದೇ ಥರ ಇದ್ಯಾ ಅಂತ ನೋಡೋದು) ಕೂಡ ಮಾಡಿದೀನಿ ಅಂತಿತ್ತು. ಅದನ್ನ ಯಾಕೆ ಮಾಡ್ದೆ ಹೇಳಪ್ಪ ಅಂದ್ರೆ ಸುಮ್ನೆ ಕೂತ. ಹೋಗ್ಲಿ, ಪಿ ವ್ಯಾಲ್ಯೂ 0.03 ಅಂತ ಇದೆಯಲ್ಲ ಅಂದ್ರೇನು ಅಂತ ಕೇಳಿದೆ. "ನಾವು ಹೇಳಿದ್ದು 97 ಪರ್ಸೆಂಟ್ ಸರಿ ಅಂತ ಮೇಡಂ." ಅದು ಹಂಗಲ್ಲ, ನೀನು ನೋಡಿದ ಎರಡು ವಿಷಯಕ್ಕೂ ಸಂಬಂಧಾನೇ ಇಲ್ಲ ಅಂತ ಇಟ್ಕೊಂಡ್ರೂ ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ಜೋರಾದ ಸಂಬಂಧ ಕಾಣೋ ಸಾಧ್ಯತೆ ನೂರಕ್ಕೆ ಮೂರು ಅಂತ ಬಿಡಿಸಿ ಹೇಳಿದೆ, ಅಷ್ಟೊತ್ತಿಗೆ ಅವನೇ ಬಾಯಿಬಿಟ್ಟ. ಎಐ ಹತ್ರ ಬರೆಸಿದ್ದು, ಆಮೇಲೆ ಅದನ್ನ ಮನುಷ್ಯರು ಬರೆದ ಹಂಗೆ ಕಾಣಿಸೋ ಥರ ತಿದ್ದೋ ಇನ್ನೊಂದು ಆ್ಯಪ್‌ಗೆ ಹಾಕಿದ್ದು. ಬೈಯೋಕೆ ಮನಸ್ಸಾಗ್ಲಿಲ್ಲ, ಕಾಲೇಜ್ ಮುಗಿಸಿ ರಾತ್ರಿವರೆಗೂ ಕೆಲಸಕ್ಕೆ ಹೋಗೋ ಹುಡುಗ ಅವನು, ಬೇಗ ಮುಗೀಲಿ ಅಂತ ಮಾಡಿದಾನೆ. ಆದ್ರೆ ಲೆಕ್ಕ ಸರಿಬರದೆ ತಲೆ ಕೆರ್ಕೊಂಡು ಕೂರೋ ಆ ಒಂದೆರಡು ಗಂಟೆ ಇದೆಯಲ್ಲ, ಸ್ಟಾಟಿಸ್ಟಿಕ್ಸ್ ತಲೆಗೆ ಹತ್ತೋದೇ ಆವಾಗ, ಅದು ಅವನಿಗೆ ಸಿಗಲೇ ಇಲ್ಲ ಅನ್ನೋದು ನನಗೆ ನಿಜವಾಗ್ಲೂ ಸಂಕಟ ಆಯ್ತು.

ಹಂಗಂತ ಎಐ ಮುಟ್ಟಲೇಬಾರ್ದು ಅನ್ನೋರ ಜೊತೆ ನಾನಿಲ್ಲ. ಸಂಜೆ ಬಂದ ಇನ್ನೊಬ್ಬ ಹುಡುಗ ಶುರುವಿಗೇ "ಮೇಡಂ, ನಾನು ಚಾಟ್‌ಜಿಪಿಟಿ ಬಳಸಿದೀನಿ, ಚಾಟ್ ಪೂರ್ತಿ ಇಲ್ಲೇ ಇದೆ" ಅಂತ ಫೋನ್ ಮುಂದಿಟ್ಟ. ಉತ್ತರ ಹೇಳ್ಬೇಡ, ನನಗೆ ಪ್ರಶ್ನೆ ಕೇಳು, ಎಲ್ಲಿ ತಪ್ಪಿದೆ ಅಂತ ಮಾತ್ರ ಹೇಳು ಅಂತ ಅದಕ್ಕೆ ಮೊದಲೇ ಹೇಳಿ ಇಟ್ಟಿದ್ದ, ಸ್ಟ್ಯಾಂಡರ್ಡ್ ಡೀವಿಯೇಷನ್‌ಗೂ (ಡೇಟಾ ಎಷ್ಟು ಹರಡಿದೆ ಅನ್ನೋದು) ಸ್ಟ್ಯಾಂಡರ್ಡ್ ಎರರ್‌ಗೂ (ನಮ್ಮ ಸರಾಸರಿ ಎಷ್ಟು ಆಚೀಚೆ ಆಗಬಹುದು ಅನ್ನೋದು) ಇರೋ ವ್ಯತ್ಯಾಸ ತಿಳಿಯೋವರೆಗೂ ಅದರ ಜೊತೆ ವಾದ ಮಾಡಿದಾನೆ, ಒಂದು ಕಡೆ ಚಾಟ್‌ಜಿಪಿಟೀನೇ ತಪ್ಪು ಫಾರ್ಮುಲಾ ಕೊಟ್ಟಿದ್ದನ್ನೂ ಹಿಡಿದಿದಾನೆ. ಟರ್ಕಿಯ ಹೈಸ್ಕೂಲಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಗಣಿತದ ಒಂದು ಅಧ್ಯಯನ ನಡೆದಿತ್ತು, ಅದು ಕಣ್ಮುಂದೆ ನಡೆದ ಹಂಗಾಯ್ತು ನನಗೆ. ಅಲ್ಲಿ ಮಾಮೂಲಿ ಚಾಟ್‌ಬಾಟ್ ಕೊಟ್ಟ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಅದು ಇಲ್ಲದೋರಿಗಿಂತ ಶೇಕಡಾ 48 ಹೆಚ್ಚು ಚೆನ್ನಾಗಿ ಮಾಡಿದ್ರು, ಅದನ್ನ ಕಿತ್ಕೊಂಡು ಪರೀಕ್ಷೆ ಕೊಟ್ಟಾಗ ಚಾಟ್‌ಬಾಟೇ ಇಲ್ಲದೆ ಕಲಿತೋರಿಗಿಂತ ಶೇಕಡಾ 17 ಹಿಂದೆ ಬಿದ್ರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡೋ ಥರ ಮಾಡಿದ್ದ ಚಾಟ್‌ಬಾಟ್ ಬಳಸಿದೋರಿಗೆ ಆ ನಷ್ಟ ಬಹುಪಾಲು ಆಗ್ಲಿಲ್ಲ.

ಈಗ ನಿಜವಾದ ತೊಂದರೆ ಹೇಳ್ತೀನಿ, ಟೈಮ್. 60 ಜನರ ಕ್ಲಾಸಿಗೆ ತಲಾ 10 ನಿಮಿಷ ಅಂದ್ರೂ 10 ಗಂಟೆ ಬೇಕು, ಅದೂ ಒಂದು ಅಸೈನ್‌ಮೆಂಟ್‌ಗೆ, ಒಂದು ಸೆಕ್ಷನ್‌ಗೆ. ಪಾಠ, ಪೇಪರ್ ತಿದ್ದೋದು, ಅಟೆಂಡೆನ್ಸ್ ತುಂಬೋದು ಎಲ್ಲಾ ಆದ್ಮೇಲೆ ಆ 10 ಗಂಟೆ ಯಾವ ಮೇಷ್ಟ್ರ ಹತ್ರ ಇರುತ್ತೆ? ಸಾಫ್ಟ್‌ವೇರ್ ಕೊಂಡು ಪಟ್ಟಿ ತೆಗೆಯೋದು ಸುಲಭ ಕಾಣೋದು ಅದಕ್ಕೇ. ಆದ್ರೆ ಅಷ್ಟು ದುಡ್ಡಲ್ಲಿ ವೈವಾಗೆ ಕೂರೋಕೆ ಇನ್ನೂ ಒಬ್ಬರು ಮೇಷ್ಟ್ರಿಗೆ ತಾಸಿನ ಲೆಕ್ಕದಲ್ಲಾದ್ರೂ ಕೊಡಿ ಅನ್ನೋದು ನನ್ನ ಬೇಡಿಕೆ. ಮೀಟಿಂಗಲ್ಲಿ ಹೇಳ್ದಾಗ ಕೆಲವರು ಇದೆಲ್ಲ ಆಗೋ ಹೋಗೋ ಮಾತಲ್ಲ ಅಂದ್ರು. ಕೊನೆಗೆ ವಿಭಾಗದಲ್ಲಿ ಒಪ್ಪಿದ್ದು ಇಷ್ಟು, ಮುಂದಿನ ಸೆಮಿಸ್ಟರ್‌ನಿಂದ ನಮ್ಮ ಪೇಪರ್‌ಗೆ ಅಸೈನ್‌ಮೆಂಟ್ ಕಮ್ಮಿ, ಇರೋದಕ್ಕೆ ಕಡ್ಡಾಯ ವೈವಾ, ಎಐ ಬಳಸಿದ್ರೆ ಚಾಟ್ ಲಗತ್ತಿಸಬೇಕು, ಡಿಟೆಕ್ಟರ್ ಪರ್ಸೆಂಟ್ ನೋಡಿ ಯಾರ ಮಾರ್ಕ್ಸೂ ಕಟ್ ಮಾಡೋ ಹಂಗಿಲ್ಲ. ಹೆಚ್ಚಿನ ತಾಸುಗಳ ಫೈಲ್ ಇನ್ನೂ ಮೇಲಿಂದ ಬಂದಿಲ್ಲ, ವಾರಕ್ಕೊಂದು ಸಲ ಹೋಗಿ ಕೇಳ್ತಾನೇ ಇದೀನಿ.

ಆ ಹುಡುಗಿಗೆ ಪೂರ್ತಿ ಮಾರ್ಕ್ಸ್ ಹಾಕಿದೆ. ಸೊನ್ನೆ ಪರ್ಸೆಂಟ್ ಹುಡುಗನಿಗೆ ಅದೇ ಡೇಟಾ ವಾಪಸ್ ಕೊಟ್ಟು, ಒಂದೇ ಒಂದು ಗ್ರಾಫ್ ಕೈಯಲ್ಲೇ ಬರ್ಕೊಂಡು ಬಾ, ಅದರ ಮೇಲೆ ಮಾತಾಡೋಣ, ನಿನಗೆ ಕೆಲಸ ಇಲ್ಲದ ದಿನ ನೋಡ್ಕೊಂಡು ನಾನು ಕೂರ್ತೀನಿ ಅಂದೆ. ಭಾನುವಾರ ಆಗುತ್ತಾ ಮೇಡಂ ಅಂದ. ಆಗುತ್ತೆ ಬಾಪ್ಪ ಅಂದೆ.