ಲಾವಂಚದ ಕ್ರೀಮ್ ಸೆಂಟು

ಚಿಕ್ಕಬಳ್ಳಾಪುರ
24 ಮಾರ್ಚ್ 2024, ಭಾನುವಾರ

ಮಧ್ಯಾಹ್ನ ಅತ್ತಿಗೆ ಜೊತೆ ಕೂತು ಕ್ರೀಮ್ ಸೆಂಟು ಮಾಡಿದೆ. ಬಿಸಿನೀರಿನ ಪಾತ್ರೆಯೊಳಗೆ ಸ್ಟೀಲ್ ಬಟ್ಟಲು ಇಟ್ಟು ಜೇನುಮೇಣ, ಬಾದಾಮಿ ಎಣ್ಣೆ ಕರಗಿಸಿದೆವು. ಜೇನುಮೇಣ 62ರಿಂದ 64 ಡಿಗ್ರಿಗೆಲ್ಲ ಕರಗುತ್ತದೆ, ನೀರು ಕೊತಕೊತ ಕುದಿಯಬೇಕಾಗಿಲ್ಲ. ಒಲೆಯಿಂದ ಇಳಿಸಿ, ಬಟ್ಟಲಿನ ಅಂಚು ಬೆಳ್ಳಗಾಗತೊಡಗಿದಾಗ ಲಾವಂಚದ ಎಣ್ಣೆ ಬಿಟ್ಟೆ. ಮೊದಲೇ ಹಾಕಿದ್ದರೆ ಘಮವೆಲ್ಲ ಅಡುಗೆಮನೆ ಪಾಲಾಗುತ್ತಿತ್ತು.

ಗಟ್ಟಿಯಾದ ಮೇಲೆ ಅತ್ತಿಗೆ ಉಗುರಲ್ಲಿ ಕೆರೆದು ಮಣಿಕಟ್ಟಿಗೆ ಹಚ್ಚಿಕೊಂಡರು. "ಏನೂ ವಾಸನೇನೇ ಇಲ್ವಲ್ಲೇ?"

"ಸ್ವಲ್ಪ ತಾಳಿ ಅತ್ತಿಗೆ, ಕೈ ಬಿಸಿ ತಾಗಲಿ."

ಮೈಯ ಬಿಸಿಗೆ ಮೇಣ ಮೆತ್ತಗಾಗಬೇಕು. ಆಮೇಲೆ ಬಂತು ನೋಡಿ, ಮಳೆ ಬಿದ್ದ ಮಣ್ಣಿನ ಹಾಗೆ.

ಸ್ಪ್ರೇ ಸೆಂಟಿನದು ಬೇರೆ ಲೆಕ್ಕ. ಅದರಲ್ಲಿ ಬಹುಪಾಲು ಆಲ್ಕೋಹಾಲೇ. ಚರ್ಮಕ್ಕೆ ತಾಗಿದ ಕೂಡಲೇ ಅದು ಆವಿಯಾಗಿ, ಪರಿಮಳವನ್ನೂ ಎತ್ತಿಕೊಂಡು ಗಾಳಿಗೆ ಹೋಗುತ್ತದೆ. ಒಬ್ಬರು ಹೊಡೆದುಕೊಂಡರೆ ಇಡೀ ಬಸ್ಸಿಗೆ ಗೊತ್ತಾಗುತ್ತದೆ, ಅಲ್ವಾ? ನಿಂಬೆ, ಕಿತ್ತಳೆಯ ವಾಸನೆ ಮೊದಲು ಚಿಮ್ಮಿ ಬೇಗ ಹೋಗುತ್ತದೆ. ಗಂಧ, ಲಾವಂಚ ಹಿಂದೆ ಉಳಿಯುತ್ತವೆ. ಕ್ರೀಮಿನಲ್ಲಿ ಆ ಚಿಮ್ಮುವಿಕೆ ಇಲ್ಲ. ಎಣ್ಣೆ, ಮೇಣ ಸುಲಭಕ್ಕೆ ಆರುವುದಿಲ್ಲ. ಪರಿಮಳವನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ.

ಅದಕ್ಕೇ ಇದನ್ನು ಸಪ್ಪೆ ಸೆಂಟು ಅಂದರೆ ನಾನು ಒಪ್ಪುವುದಿಲ್ಲ. ಇದು ಪಕ್ಕದಲ್ಲಿ ಕೂತವರಿಗೆ ಮಾತ್ರ ಸಿಗುವ ಘಮ. ಸ್ಪ್ರೇ ವಾಸನೆಗೆ ಅಮ್ಮನಿಗೆ ತಲೆನೋವು ಬರುತ್ತದೆ, ಇದನ್ನು ಹಚ್ಚಿಕೊಂಡು ಆರಾಮಾಗಿ ಓಡಾಡಿದರು. ಚರ್ಮ ಉರಿಯಲಿಲ್ಲ, ಒಣಗಲಿಲ್ಲ. ಹಾಗಂತ ಆಲ್ಕೋಹಾಲ್ ಇಲ್ಲದ್ದು ಎಲ್ಲರಿಗೂ ಒಗ್ಗುತ್ತದೆ ಅಂತಲ್ಲ. ಸುಗಂಧದ ಎಣ್ಣೆಯೇ ಕೆಲವರಿಗೆ ತುರಿಕೆ ತರುತ್ತದೆ. ಮೊಣಕೈ ಒಳಗೆ ಚೂರು ಹಚ್ಚಿ ಒಂದು ದಿನ ಕಾಯುವುದು ಒಳ್ಳೆಯದು. ರೇಷ್ಮೆ ಸೀರೆಗಂತೂ ತಾಗಿಸಲೇಬಾರದು, ಎಣ್ಣೆ ಕಲೆ ಹೋಗುವುದು ಕಷ್ಟ.

ಮುಂದೆ ಮಲ್ಲಿಗೆಯದು ಮಾಡುವ ಆಸೆ. ಮಲ್ಲಿಗೆ ಕಿತ್ತ ಮೇಲೂ ಘಮ ಬಿಡುತ್ತಲೇ ಇರುತ್ತದೆ. ಫ್ರಾನ್ಸಿನ ಗ್ರಾಸ್ ಊರಲ್ಲಿ ಹಿಂದೆ ಗಾಜಿಗೆ ಕೊಬ್ಬು ಸವರಿ, ಮೇಲೆ ಹೂ ಹರಡಿ, ಬಾಡಿದ್ದನ್ನು ತೆಗೆದು ಹೊಸದು ಹಾಕುತ್ತಾ ಆ ಘಮ ಹಿಡಿಯುತ್ತಿದ್ದರು. ನಮ್ಮ ಹೂವಿನ ಮಾರ್ಕೆಟ್ಟಿಂದ ಮೊಗ್ಗು ತಂದು, ಯುಗಾದಿಯೊಳಗೆ ಒಂದು ತಟ್ಟೆಯಲ್ಲಿ ಹಾಗೇ ಮಾಡಿ ನೋಡಬೇಕು. ಬರೀ ಕೊಬ್ಬರಿ ಎಣ್ಣೆ ಈ ಸೆಕೆಗೆ ನಿಲ್ಲುವುದಿಲ್ಲ, ಸುಮಾರು 24 ಡಿಗ್ರಿಗೇ ನೀರಾಗುತ್ತದೆ. ಮೇಣ ಸ್ವಲ್ಪ ಜಾಸ್ತಿಯೇ ಬೇಕು.