ಡೇರೆ ಗೆಡ್ಡೆ ಕಿತ್ತ ದಿನ

ಚೌತಿಯಿಂದ ನವರಾತ್ರಿ ತನಕ ಡೇರೆ, ಅಂದರೆ ಡೇಲಿಯಾ ಹೂವಿನ ಗಿಡದ ಉಪಚಾರಕ್ಕೆ ನಮ್ಮನೆಯಲ್ಲಿ ಜನರಿಗೆ ಬರವಿಲ್ಲ. ಕೋಲು ಊರುವವರು ಒಬ್ಬರು, ಬಾಳೆಪಟ್ಟೆಯಲ್ಲಿ ಕಟ್ಟುವವರು ಇನ್ನೊಬ್ಬರು, ಬಂದ ನೆಂಟರನ್ನು ಹೂವಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಯುವವರು ಮತ್ತೊಬ್ಬರು. ದೀಪಾವಳಿ ದಾಟಿ ಎಲೆ ಕಂದಿ ದಂಟು ಒಣಗತೊಡಗಿತೋ, ಒಬ್ಬರೂ ಆ ಕಡೆ ಸುಳಿಯುವುದಿಲ್ಲ. ಗೆಡ್ಡೆ ಕಿತ್ತು ಇಡುವ ಕೆಲಸ ನನಗೆ ಮತ್ತು ಅತ್ತೆಗೆ. ಅದೂ ಸರಿಯಾಗಿ ಅಡಿಕೆ ಕೊನೆಕೊಯ್ಲಿನ ನಡುವೆಯೇ ಬಂದು ಕೂರುತ್ತದೆ. ಅಂಗಳದ ತುಂಬ ಅಡಿಕೆ, ಒಲೆ ಮೇಲೆ ಹಂಡೆಯಲ್ಲಿ ಬೇಯುವ ಅಡಿಕೆ, ಸುಲಿಯುವವರಿಗೆ ಹೊತ್ತುಹೊತ್ತಿಗೆ ಚಹಾ. ಇದರ ಮಧ್ಯೆ ಹೂವಿನ ಗೆಡ್ಡೆ ಅಂದರೆ ಗಂಡಸರ ಮುಖ ನೋಡಬೇಕು.

ಹೋದ ವರ್ಷ ನವೆಂಬರ್ ಕೊನೆಗೆ ಮೋಡ ಕವಿದು ಹನಿಯುತ್ತಲೇ ಇತ್ತು. ಅಡಿಕೆ ಒಣಗುವುದಿಲ್ಲ ಎಂದು ಮನೆಯವರಿಗೆ ಚಿಂತೆ, ಡೇರೆ ಕೊಳೆಯುತ್ತದೆ ಎಂದು ಅತ್ತೆಗೆ. ಕೊನೆಗೊಂದು ಬೆಳಿಗ್ಗೆ ಬಿಸಿಲು ಬಿದ್ದದ್ದೇ ತಡ, ಅತ್ತೆ ಕತ್ತಿ ಹಿಡಿದು ನಿಂತಿದ್ದರು. "ಅಡಿಕೆ ಹರವೋದು ಅವ್ರು ನೋಡಿಕೊಳ್ಳಲಿ, ನೀನು ಬಾರೇ. ಇನ್ನೊಂದು ಮಳೆ ಬಂದ್ರೆ ಕೀಳೋದಕ್ಕೆ ಗೆಡ್ಡೆನೇ ಇರೋದಿಲ್ಲ."

ದಂಟನ್ನು ಗೇಣುದ್ದ ಬಿಟ್ಟು ಕಡಿದರು. ಹಾರೆಯನ್ನು ಬುಡಕ್ಕೆ ಹಾಕದೆ ಒಂದು ಮೊಳ ಆಚೆಯಿಂದ ಸುತ್ತಲೂ ಸಡಿಲಿಸುತ್ತ ಬರುವ ಕೆಲಸ ನನ್ನದು. ಅವಸರ ಮಾಡಿ ದಂಟು ಹಿಡಿದು ಎಳೆದರೆ ಗೆಡ್ಡೆಯ ಕುತ್ತಿಗೆ ಮುರಿಯುತ್ತದೆ. ಗೆಡ್ಡೆ ಎಷ್ಟೇ ದಪ್ಪವಿರಲಿ, ಕುತ್ತಿಗೆ ಮುರಿದರೆ ಕಥೆ ಮುಗಿಯಿತು. ಬುಡ ಮೇಲೆ ಬಂದ ಮೇಲೆ ಅತ್ತೆ ಅದನ್ನು ಮಗುಚಿ ಹಿಡಿದರು. ಟೊಳ್ಳು ದಂಟಿನೊಳಗಿಂದ ಕಂದು ನೀರು ಸುರಿಯಿತು. ಕೆಟ್ಟ ಹುಳಿ ನಾತ. ಮೇಲೆ ಕಡಿದ ದಂಟು ಬಾಯಿ ಬಿಟ್ಟುಕೊಂಡು ನಿಂತಿದ್ದರೆ ಮಳೆನೀರೆಲ್ಲ ಅದರೊಳಗೆ ಇಳಿದು ಬುಡದಲ್ಲಿ ನಿಲ್ಲುತ್ತದೆ, ಕೊಳೆ ಶುರುವಾಗುವುದು ಅಲ್ಲಿಂದ. ಹೆಬ್ಬೆರಳಲ್ಲಿ ಒತ್ತಿ ನೋಡಿ "ಗಟ್ಟಿ ಇದೆ, ಬದುಕಿತು" ಎಂದರು. ಹಾಗೇ ತಲೆಕೆಳಗಾಗಿ ಅಡಿಕೆ ಹಾಳೆಯ ಮೇಲೆ ಜಗಲಿಯ ನೆರಳಿಗೆ ಹೋಯಿತು. ನಾವು ಗೆಡ್ಡೆ ತೊಳೆಯುವುದಿಲ್ಲ. ಮಣ್ಣು ಒಣಗಿದ ಮೇಲೆ ತಾನಾಗಿ ಉದುರುತ್ತದೆ.

ಗೆಡ್ಡೆ ಬಿಡಿಸುವುದು ಕಣ್ಣು ಚುರುಕಿದ್ದವರ ಕೆಲಸ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಇರುವುದು ಹಳೆ ದಂಟಿಗೆ ಕುತ್ತಿಗೆ ಸೇರುವ ಜಾಗದಲ್ಲಿ ಮಾತ್ರ. ಕಿತ್ತ ದಿನ ಅದು ಕಾಣುವುದೂ ಇಲ್ಲ. ವಾರ ಹತ್ತು ದಿನ ಬಿಟ್ಟರೆ ಸಾಸಿವೆಯಷ್ಟು ಉಬ್ಬುತ್ತದೆ. ಆಗ ದಂಟಿನ ತುಣುಕು ಸೇರಿಸಿ ಕೊಯ್ಯಬೇಕು, ಕೊಯ್ದ ಗಾಯಕ್ಕೆ ಒಲೆ ಬೂದಿ ಸವರಬೇಕು. ಕಣ್ಣಿಲ್ಲದ ಗೆಡ್ಡೆ ನೆಟ್ಟರೆ ಬೇರು ಬಿಟ್ಟೀತು, ಚಿಗುರು ಮಾತ್ರ ಬರುವುದಿಲ್ಲ. ನಮ್ಮ ಕಡೆ ಕೆಲವರಿಗೆ ಇದು ಚೆನ್ನಾಗಿ ಗೊತ್ತು. ಅಪರೂಪದ ಬಣ್ಣ ಕೇಳಿದರೆ ನಗುನಗುತ್ತಲೇ ದಪ್ಪ ದಪ್ಪ ಗೆಡ್ಡೆ ಆರಿಸಿ ಕೊಡುತ್ತಾರೆ, ಒಂದರಲ್ಲೂ ಕಣ್ಣಿರುವುದಿಲ್ಲ. ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು. ಮಳೆಗಾಲವಿಡೀ ಮಣ್ಣು ನೋಡುತ್ತ ಕೂತು, ನಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಳ್ಳುವವರು ನಾವು.

ಇಡುವ ವಿಷಯಕ್ಕೆ ಬಂದರೆ ನನಗೂ ಅತ್ತೆಗೂ ಒಮ್ಮತವಿಲ್ಲ. ಅವರದ್ದು ಬುಟ್ಟಿ ತುಂಬ ಬೂದಿ. ಅಡಿಕೆ ಬೇಯಿಸುವ ಕಾಲದಲ್ಲಿ ಬೂದಿಗೇನು ಬರ? ಇರುವೆ ಬರುವುದಿಲ್ಲ, ಬೂಸ್ಟು ಹಿಡಿಯುವುದಿಲ್ಲ, ನಿಜ. ಆದರೆ ಬೂದಿ ನೀರು ಹೀರುತ್ತದೆ. ಬೇಸಿಗೆ ಹೊತ್ತಿಗೆ ಸಣ್ಣ ಗೆಡ್ಡೆಗಳು ಸುಕ್ಕಿ ಒಣಗಿದ ಹರಳೆಕಾಯಿಯಾಗುತ್ತವೆ. ನನ್ನದು ಹೊಳೆಮರಳು, ಮುಟ್ಟಿದರೆ ತಂಪು ಅನ್ನಿಸಬೇಕು, ಕೈಗೆ ಅಂಟಬಾರದು. ಮೊಬೈಲಿನಲ್ಲಿ ನೋಡಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುವವರೂ ಇದ್ದಾರೆ. ನಮ್ಮ ಹವೆಗೆ ಅದು ಸಲ್ಲದು, ಒಳಗೇ ಬೆವರುತ್ತದೆ. ಆ ಬುದ್ಧಿಮಾತುಗಳೆಲ್ಲ ಚಳಿದೇಶದವು. 4ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ ಎನ್ನುತ್ತಾರೆ. ಮಾರ್ಚ್‌ನಲ್ಲಿ ಹಂಚಿನಡಿಯ ಅಟ್ಟಕ್ಕೆ ಒಮ್ಮೆ ಹತ್ತಿ ನೋಡಬೇಕು ಅವರು.

ಅವರು ಗೆಡ್ಡೆ ಕೀಳುವುದು ನೆಲ ಹೆಪ್ಪುಗಟ್ಟುತ್ತದೆಂಬ ಹೆದರಿಕೆಗೆ. ನಮ್ಮಲ್ಲಿ ಹೆಪ್ಪುಗಟ್ಟುವುದು ಹಾಲು ಮಾತ್ರ. ಡೇರೆಯ ತವರು ಮೆಕ್ಸಿಕೋದ ಎತ್ತರದ ಗುಡ್ಡನಾಡು. ಅಲ್ಲಿಂದ ಸ್ಪೇನಿಗೆ ಹೋದ ಗಿಡಕ್ಕೆ, ಆಂಡರ್ಸ್ ಡಾಲ್ ಎಂಬ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನ ನೆನಪಿಗಾಗಿ 1791ರಲ್ಲಿ ಡೇಲಿಯಾ ಎಂದು ಹೆಸರಿಟ್ಟರಂತೆ. 1963ರಲ್ಲಿ ಅದು ಮೆಕ್ಸಿಕೋದ ರಾಷ್ಟ್ರೀಯ ಹೂವೂ ಆಯಿತು. ಅಲ್ಲೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಆಮೇಲೆ ಒಣ ಚಳಿ. ಡೇರೆಗೆ ನಮ್ಮ ಅಂಗಳ ಹೊಂದಿಕೊಂಡದ್ದು ಸುಮ್ಮನೆ ಅಲ್ಲ. ಆದರೆ ಮಳೆಯ ಲೆಕ್ಕದಲ್ಲಿ ಅಲ್ಲಿಗೂ ಇಲ್ಲಿಗೂ ಹೋಲಿಕೆಯೇ ಇಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿಯೇ 7000 ಮಿ.ಮೀ. ದಾಟುತ್ತದೆ. ಹಾಗಾಗಿ ಇಲ್ಲಿ ಮೊದಲು ನೀರಿನ ಭಯ, ಆಮೇಲೆ ಒಣಗುವ ಭಯ. ನೆಲದಲ್ಲೇ ಬಿಟ್ಟರೆ ಮುಳ್ಳುಹಂದಿ, ಒಳಗೆ ತಂದರೆ ಇಲಿ. ಮೇ ತಿಂಗಳಲ್ಲಿ ಕೆಂಪು ಚೆಂಡು ಅರಳಿಸುವ ಫುಟ್‌ಬಾಲ್ ಲಿಲ್ಲಿಗೆ ಇದ್ಯಾವ ತಾಪತ್ರಯವೂ ಇಲ್ಲ. ನೆಲದಡಿ ಮಲಗಿರುತ್ತದೆ, ಮೊದಲ ಮಳೆಗೆ ತಾನಾಗಿ ಏಳುತ್ತದೆ. ಅದನ್ನು ಕೆದಕದಿದ್ದರೆ ಸಾಕು.

ಕೊನೆಗೆ ಅರ್ಧ ಬೂದಿಗೆ, ಅರ್ಧ ಮರಳಿಗೆ ಎಂದು ರಾಜಿಯಾಯಿತು. ಎರಡೂ ಬುಟ್ಟಿ ಉಗ್ರಾಣದ ಮಣ್ಣುನೆಲದ ಮೂಲೆಯಲ್ಲಿ. ಯಾವುದು ಯಾವ ಬಣ್ಣ ಎಂದು ತಗಡಿನ ತುಂಡಿಗೆ ಮೊಳೆಯಲ್ಲಿ ಗೀಚಿ ಕಟ್ಟಿದೆ; ಕಾಗದದ ಚೀಟಿ ಇಲಿಗೆ ಫಲಾಹಾರ. ಶಿವರಾತ್ರಿ ಕಳೆದ ಮೇಲೆ ಮರಳಿಗೆ ಕೈಯಲ್ಲೇ ಒಂದಿಷ್ಟು ನೀರು ಚಿಮುಕಿಸಿದೆ. ಮೆತ್ತಗಾದವನ್ನು ಆರಿಸಿ ಎಸೆದೆ, ಒಂದರ ಕೊಳೆ ಪಕ್ಕದ್ದಕ್ಕೆ ಹತ್ತದೆ ಬಿಡುವುದಿಲ್ಲ. ತುಸು ಸುಕ್ಕಿದ್ದರೆ ಅಡ್ಡಿಯಿಲ್ಲ, ಮಣ್ಣಿನ ತೇವ ಸಿಕ್ಕರೆ ಸುಧಾರಿಸಿಕೊಳ್ಳುತ್ತದೆ.

ಮೇ ತಿಂಗಳಲ್ಲಿ ಗುಡುಗು ಮಳೆ ಬಂದ ಮರುದಿನ ಬುಟ್ಟಿ ತೆರೆದೆವು. ಮರಳಿನಲ್ಲಿ ಕೆಂಗೆಂಪು ಮೊಳಕೆಗಳು ಆಗಲೇ ಬೆರಳುದ್ದ ಬೆಳಕು ಹುಡುಕುತ್ತಿದ್ದವು. ಬೂದಿಯಲ್ಲೂ ದಪ್ಪ ಗೆಡ್ಡೆಗಳು ಜೀವ ಹಿಡಿದಿದ್ದವು. ಆದರೆ ಅತ್ತೆಯ ತವರಿನಿಂದ ಬಂದ ಮರೂನ್ ಡೇರೆ ಪೂರ್ತಿ ಒಣಗಿ ಹೋಗಿತ್ತು, ಒಡೆದರೆ ಒಳಗೆ ಬರೀ ನಾರು. ಮರಳಿಗೆ ಹಾಕಿದ್ದರೆ ಉಳಿಯುತ್ತಿತ್ತೇನೋ ಎಂದು ನಾನೂ ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ.

ಹಿಂದೊಮ್ಮೆ ಅದರ ಗೆಡ್ಡೆಯೊಂದು ಕೆಳಮನೆಗೆ ಹೋದದ್ದು ಅತ್ತೆಗೆ ನೆನಪಿತ್ತು. ಸಂಜೆ ಹೋಗಿ ಕೇಳಿದೆ. ಕೆಳಮನೆ ಅಕ್ಕ ದನದ ಕೊಟ್ಟಿಗೆಯ ಗೋಡೆಗೂಡಿನಿಂದ ಒಂದು ಗೋಣಿಚೀಲ ಎಳೆದರು. ಬೂದಿಯೂ ಇಲ್ಲ, ಮರಳೂ ಇಲ್ಲ, ಒಣ ದರಗೆಲೆಗಳ ನಡುವೆ ಮರೂನ್ ಡೇರೆ ಬುಡಸಮೇತ ಕೂತಿತ್ತು. ಬಿಡಿಸಿಯೂ ಇರಲಿಲ್ಲ. ಅಲ್ಲೇ ಮೆಟ್ಟುಗತ್ತಿಯಲ್ಲಿ ಎರಡು ಭಾಗ ಮಾಡಿ, ಚಿಗುರಿದ್ದ ಕಡೆಯದನ್ನೇ ನನ್ನ ಸೆರಗಿಗೆ ಹಾಕಿದರು.

"ದುಡ್ಡು ಗಿಡ್ಡು ಬೇಡ ಮಾರಾಯ್ತಿ, ನಿಮ್ಮನೆ ಬಿಳಿ ಡೇರೆದೊಂದು ಗೆಡ್ಡೆ ಕೊಡು. ಕಣ್ಣಿರೋದನ್ನೇ ಕೊಡು, ಮತ್ತೆ!"