ಜುಹುವಿನಿಂದಾಚೆಗೆ ಟಪಾಲು ಒಯ್ದವರು

ಅಕ್ಟೋಬರ್ 15 ಬಂತೆಂದರೆ, ಪುಸ್ ಮಾತ್ ವಿಮಾನದ ಪಕ್ಕದಲ್ಲಿ ನಿಂತ ಜೆ.ಆರ್.ಡಿ. ಟಾಟಾ ಅವರ ಹಳೆಯ ಚಿತ್ರ ಎಲ್ಲೆಡೆ ಕಾಣಿಸಿಕೊಳ್ಳುತ್ತದೆ. 1932ರ ಆ ದಿನ ಅವರು ಕರಾಚಿಯಿಂದ ಟಪಾಲು ಹೊತ್ತು, ಅಹಮದಾಬಾದಿನ ಮೂಲಕ ಮುಂಬೈಯ ಜುಹುವಿಗೆ ಬಂದಿಳಿದ ಕಥೆ ಬಹಳ ಜನರಿಗೆ ಗೊತ್ತು. ಬಳ್ಳಾರಿಯವನಾದ ನನಗೆ ಮಾತ್ರ ಆ ಕಥೆಯ ಉಳಿದರ್ಧದ ಮೇಲೆಯೇ ಮನಸ್ಸು. ಟಪಾಲು ಜುಹುವಿನಲ್ಲಿ ನಿಲ್ಲಲಿಲ್ಲ. ಅದನ್ನು ಇನ್ನೊಂದು ಪುಸ್ ಮಾತ್‌ಗೆ ಹೇರಿಕೊಂಡು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್.

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಬ್ರಿಟಿಷ್ ವಾಯುಪಡೆಯಲ್ಲಿ ದುಡಿದಿದ್ದ ವಿನ್ಸೆಂಟ್ 1929ರ ಹೊತ್ತಿಗೆ ಭಾರತದಲ್ಲಿ ಊರೂರು ತಿರುಗಿ ಜನರನ್ನು ವಿಮಾನ ಹತ್ತಿಸುತ್ತಿದ್ದರು. ಲಂಡನ್ನಿನಿಂದ ಬ್ರಿಟನ್ನಿನ ವಿಮಾನ ಸಂಸ್ಥೆ ಇಂಪೀರಿಯಲ್ ಏರ್‌ವೇಸ್ ಕರಾಚಿಯವರೆಗೆ ತರುತ್ತಿದ್ದ ಟಪಾಲನ್ನು ಅಲ್ಲಿಂದ ಮುಂದಕ್ಕೂ ವಿಮಾನದಲ್ಲೇ ಸಾಗಿಸಬಹುದೆಂಬ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವರೇ ಅವರು. ಸಂಸ್ಥೆಯ ಮುಖ್ಯಸ್ಥರಾಗಿದ್ದ ದೊರಾಬ್ಜಿ ಟಾಟಾ ಒಪ್ಪಿದರು. ಸರ್ಕಾರ ಸಹಾಯಧನ ಕೊಡಲೊಪ್ಪಲಿಲ್ಲ. ಮೂರು ವರ್ಷ ಪತ್ರ ವ್ಯವಹಾರ ನಡೆದ ಮೇಲೆ, ಸಾಗಿಸಿದ ಟಪಾಲಿಗಷ್ಟೇ ಹಣವೆಂಬ ಕರಾರಿನ ಮೇಲೆ ಎರಡು ಲಕ್ಷ ರೂಪಾಯಿ ಬಂಡವಾಳದಲ್ಲಿ ಸೇವೆ ಆರಂಭವಾಯಿತು. ಇಷ್ಟೂ ಕಾಲ ಪಟ್ಟು ಬಿಡದೆ ಕಾದ ಆ ತಾಳ್ಮೆಯೂ ಹಾರಾಟದಷ್ಟೇ ದೊಡ್ಡದೆಂದು ನನ್ನ ಎಣಿಕೆ.

ಒಂದೇ ಎಂಜಿನ್ನಿನ ಆ ಪುಟ್ಟ ವಿಮಾನದಲ್ಲಿ ರೇಡಿಯೊ ಇರಲಿಲ್ಲ, ನೆಲದಿಂದ ದಾರಿ ತೋರುವವರೂ ಇರಲಿಲ್ಲ. ಅಹಮದಾಬಾದಿನಲ್ಲಿ ಇಂಧನ ನಾಲ್ಕು ಗ್ಯಾಲನ್ನಿನ ಡಬ್ಬಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಂದಿತ್ತು! ಜೆ.ಆರ್.ಡಿ. ಜುಹು ಮುಟ್ಟಿದ್ದು ಮಧ್ಯಾಹ್ನ. ಅಲ್ಲಿಂದ ಸಹ್ಯಾದ್ರಿ ದಾಟಿ ಬಳ್ಳಾರಿಗೆ ಸುಮಾರು 600 ಕಿಲೋಮೀಟರ್. ಗಂಟೆಗೆ 160 ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗುತ್ತಿದ್ದ ಆ ವಿಮಾನಕ್ಕೆ ಹೆಚ್ಚುಕಡಿಮೆ ನಾಲ್ಕು ತಾಸಿನ ದಾರಿ. ಆ ರಾತ್ರಿ ಬಳ್ಳಾರಿಯಲ್ಲಿ ತಂಗಿ, ವಿನ್ಸೆಂಟ್ ಮರುದಿನ ಮದರಾಸು ಸೇರಿದರು. ಕೋಟೆಯ ಗುಡ್ಡವನ್ನು ಅಂದು ಅವರು ಮೇಲಿನಿಂದ ನೋಡಿರಬೇಕು ಎಂದುಕೊಳ್ಳುವುದು ನನ್ನೊಬ್ಬನ ಸಂತೋಷ.

ಜುಹುವಿನ ನಿಲ್ದಾಣವೆಂದರೆ ಕಡಲಂಚಿನ ಕೆಸರು ಬಯಲು ಮತ್ತು ಗರಿ ಹೊದಿಸಿದ ಒಂದು ಗುಡಿಸಲು. ಮಳೆಗಾಲದಲ್ಲಿ ಅಲ್ಲಿ ನೀರು ನಿಂತಾಗ ಎಲ್ಲವನ್ನೂ ಪುಣೆಗೆ ಸಾಗಿಸಬೇಕಾಗುತ್ತಿತ್ತು. ಹೀಗಿದ್ದೂ ಮೊದಲ ವರ್ಷದಲ್ಲಿ 1,60,000 ಮೈಲಿ ಹಾರಿ, 155 ಪ್ರಯಾಣಿಕರನ್ನೂ ಹತ್ತು ಟನ್ನಿಗೂ ಮಿಕ್ಕ ಟಪಾಲನ್ನೂ ಸಾಗಿಸಿದರು.

ಟಾಟಾದವರ ಈ ವಿಮಾನ ಸೇವೆ ಮುಂದೆ ಏರ್ ಇಂಡಿಯಾ ಆದುದನ್ನು ವಿನ್ಸೆಂಟ್ ಕಾಣಲಿಲ್ಲ. 1942ರ ಜನವರಿಯಲ್ಲಿ ಅವರಿದ್ದ ಬ್ರಿಟಿಷ್ ವಾಯುಪಡೆಯ ವಿಮಾನವನ್ನು ಶತ್ರುಗಳು ಫ್ರಾನ್ಸಿನ ಕರಾವಳಿಯ ಬಳಿ ಹೊಡೆದುರುಳಿಸಿದರು. ಆಗ ಅವರಿಗೆ ನಲವತ್ತರ ಆಸುಪಾಸು. ಜೆ.ಆರ್.ಡಿ. 1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಕರಾಚಿಯಿಂದ ಜುಹುವಿಗೆ ಮತ್ತೊಮ್ಮೆ ತಾವೇ ವಿಮಾನ ನಡೆಸಿಕೊಂಡು ಬಂದರು. ಅಲ್ಲಿಂದ ಮುಂದಕ್ಕೆ ಬಳ್ಳಾರಿಯ ದಾರಿ ಹಿಡಿಯಬೇಕಿದ್ದವರು ತೀರಿಕೊಂಡು ಆಗಲೇ 40 ವರ್ಷ ಕಳೆದಿತ್ತು.